ಬೆಟ್ಟದ ಇಳಿಜಾರಿನ ಬಡಾವಣೆ ಮತ್ತು ಊರಿನ ರಸ್ತೆ: ನಿವಾಸಿಗಳ ಆತಂಕವನ್ನು ಗ್ರಾಮ ಪಂಚಾಯಿತಿ ಹೇಗೆ ಆಲಿಸಬೇಕು

(ಮಂಡ್ಯ, ಮದ್ದೂರು ಹಾಗೂ ಮಳವಳ್ಳಿ ತಾಲ್ಲೂಕುಗಳ ಗ್ರಾಮ ಪಂಚಾಯಿತಿ ಸದಸ್ಯರಿಗಾಗಿ ನಡೆದ ತರಬೇತಿ ಕಾರ್ಯಾಗಾರದಲ್ಲಿ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯೊಬ್ಬರು ನೀಡಿದ ಉಪನ್ಯಾಸದ ಪಠ್ಯ. ಸದಸ್ಯರ ಕೋರಿಕೆಯ ಮೇರೆಗೆ ಪ್ರಕಟಿಸಲಾಗಿದೆ.)



ನನಗೆ ವಹಿಸಿರುವ ವಿಷಯ ಹೊಸ ಬಡಾವಣೆಗಳು ಮತ್ತು ಗ್ರಾಮೀಣ ರಸ್ತೆ ಸಂಚಾರ. ಇದು ವಿಸ್ತಾರವಾದ ವಿಷಯವಾದ್ದರಿಂದ, ಬೆಟ್ಟ ಗುಡ್ಡಗಳ ಇಳಿಜಾರಿನಲ್ಲಿ ಬಡಾವಣೆಯ ಪ್ರಸ್ತಾವನೆ ಬಂದಾಗ ಊರಿನವರು ರಸ್ತೆಯ ಬಗ್ಗೆ ವ್ಯಕ್ತಪಡಿಸುವ ಆತಂಕವನ್ನು ಪಂಚಾಯಿತಿ ಹೇಗೆ ಆಲಿಸಬೇಕು, ಹೇಗೆ ಅಳೆಯಬೇಕು, ಹೇಗೆ ದಾಖಲಿಸಬೇಕು ಎಂಬಷ್ಟಕ್ಕೆ ಮಾತನ್ನು ಸೀಮಿತಗೊಳಿಸಿಕೊಳ್ಳುತ್ತೇನೆ.

ಮೊದಲಿಗೆ ನನ್ನದೇ ಒಂದು ತಪ್ಪನ್ನು ತಮ್ಮ ಮುಂದೆ ಒಪ್ಪಿಕೊಳ್ಳಬೇಕಾಗಿದೆ. ನಾನು ಸೇವೆಗೆ ಸೇರಿದ ಆರಂಭದ ವರ್ಷಗಳಲ್ಲಿ ಕೆಲಸ ಮಾಡಿದ ಪಂಚಾಯಿತಿಯೊಂದರಲ್ಲಿ, ಗುಡ್ಡದ ಪಕ್ಕದ ಜಮೀನಿನಲ್ಲಿ ಬಡಾವಣೆ ಮಾಡುವ ಪ್ರಸ್ತಾವನೆ ಬಂದಿತ್ತು. ಊರಿನ ಹೆಸರು ಇಲ್ಲಿ ಮುಖ್ಯವಲ್ಲ. ವಾರ್ಡ್ ಸಭೆಯಲ್ಲಿ ಹಿರಿಯ ಹೆಣ್ಣುಮಗಳೊಬ್ಬರು ಎದ್ದು ನಿಂತು, ‘ನೀವು ಯಾವತ್ತಾದ್ರೂ ಕಬ್ಬಿನ ಟ್ರ್ಯಾಕ್ಟರ್ ಹಿಂದೆ ಮೊಮ್ಮಕ್ಳ ಕೈ ಹಿಡ್ಕೊಂಡು ಆ ತಿರುವು ಇಳ್ದಿದ್ದೀರಾ ಸಾರ್?’ ಎಂದು ಕೇಳಿದರು. ಸಭೆಯಲ್ಲಿ ಕೆಲವರು ನಕ್ಕರು. ನಾನು ನಗಲಿಲ್ಲವಾದರೂ ಅದಕ್ಕಿಂತ ಮೇಲಾದುದನ್ನೇನೂ ಮಾಡಲಿಲ್ಲ. ನಡವಳಿ ಪುಸ್ತಕದಲ್ಲಿ ‘ರಸ್ತೆ ಸಂಚಾರದ ಬಗ್ಗೆ ಸಾರ್ವಜನಿಕರ ಅಭಿಪ್ರಾಯವನ್ನು ಗಮನಿಸಲಾಯಿತು’ ಎಂದು ಒಂದು ಸಾಲು ಬರೆದು ಮುಂದಿನ ವಿಷಯಕ್ಕೆ ಹೋದೆ. ಇಂಜಿನಿಯರಿಂಗ್ ಓದಿದವನಾಗಿದ್ದೂ ಆ ತಿರುವಿಗೆ ಹೋಗಿ ಒಂದು ಟೇಪು ಹಿಡಿಯಲಿಲ್ಲ.

ಬಡಾವಣೆಯ ಕೆಲಸ ಆರಂಭವಾಗಿ ಕೆಲವು ತಿಂಗಳಾದ ಮೇಲೆ, ಜಲ್ಲಿ ಹೊತ್ತು ಇಳಿಯುತ್ತಿದ್ದ ಟಿಪ್ಪರ್‌ಗೆ ದಾರಿ ಬಿಡಲು ಹೋಗಿ ಸೈಕಲ್ಲಿನಲ್ಲಿದ್ದ ಶಾಲಾ ಬಾಲಕಿಯೊಬ್ಬಳು ಅದೇ ತಿರುವಿನ ಚರಂಡಿಗೆ ಬಿದ್ದು ಕಾಲು ಮುರಿದುಕೊಂಡಳು. ಮಗು ಗುಣಮುಖಳಾದಳು, ಆ ವರ್ಷದ ಪರೀಕ್ಷೆಯನ್ನು ಮಾತ್ರ ಬರೆಯಲಾಗಲಿಲ್ಲ. ನಾನು ಕಡತವನ್ನು ತೆಗೆದು ನೋಡಿದಾಗ ಅದರಲ್ಲಿ ನನ್ನ ಸಾಲು ಮಾತ್ರ ಇತ್ತು. ‘ಗಮನಿಸಲಾಯಿತು’ ಎಂಬ ಪದದಿಂದ ಯಾರ ಮೇಲೂ ಯಾವ ಹೊಣೆಯೂ ಬೀಳುವುದಿಲ್ಲ. ಟಿಪ್ಪರ್‌ಗಳ ವೇಳೆಯನ್ನು ನಿಗದಿಪಡಿಸುವ ಷರತ್ತಾಗಲೀ, ತಿರುವನ್ನು ಅಗಲಗೊಳಿಸುವ ಷರತ್ತಾಗಲೀ ನಾವು ಕೇಳಿರಲೇ ಇಲ್ಲವಾದ್ದರಿಂದ ಅದನ್ನು ಯಾರೂ ಉಲ್ಲಂಘಿಸಿರಲೂ ಇಲ್ಲ. ಇಂದಿನ ನನ್ನ ಮಾತಿನ ಸಾರವೆಲ್ಲ ಆ ಒಂದು ಸಾಲನ್ನು ನಾನು ಹೇಗೆ ಬರೆಯಬೇಕಿತ್ತು ಎಂಬುದೇ ಆಗಿದೆ.

ಈಗ ಏಕೆ ಈ ಪ್ರಶ್ನೆ

ಬೆಂಗಳೂರು–ಮೈಸೂರು ರಾಷ್ಟ್ರೀಯ ಹೆದ್ದಾರಿ 275ರ ವಿಸ್ತರಿತ ಮಾರ್ಗವು 2023ರ ಮಾರ್ಚ್ 12ರಂದು ನಮ್ಮದೇ ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ ಉದ್ಘಾಟನೆಯಾಯಿತು. ಸುಮಾರು 118 ಕಿಲೋಮೀಟರ್ ಉದ್ದದ ಈ ಮಾರ್ಗದಲ್ಲಿ ಆರು ಪಥಗಳು ವೇಗದ ವಾಹನಗಳಿಗೆ, ಎರಡು ಬದಿಯಲ್ಲಿರುವ ಒಟ್ಟು ನಾಲ್ಕು ಪಥಗಳು ಸೇವಾ ರಸ್ತೆಗೆ. ರಾಜಧಾನಿಯ ದೂರವು ಕಿಲೋಮೀಟರ್‌ಗಳಲ್ಲಿ ಹೆಚ್ಚೇನೂ ಕಡಿಮೆಯಾಗದಿದ್ದರೂ ಗಂಟೆಗಳಲ್ಲಿ ಕಡಿಮೆಯಾಯಿತು. ಮಳವಳ್ಳಿಯ ಕಡೆಗೆ ಬೆಂಗಳೂರಿನಿಂದ ಕನಕಪುರದ ಮೂಲಕ ಬಂದು ಕೊಳ್ಳೇಗಾಲಕ್ಕೆ ಸಾಗುವ ರಾಷ್ಟ್ರೀಯ ಹೆದ್ದಾರಿ 948 ಇದೆ. ಹೀಗೆ ಎರಡು ಹೆದ್ದಾರಿಗಳ ನಡುವೆ ಇರುವ ನಮ್ಮ ಜಮೀನುಗಳತ್ತ ಬಡಾವಣೆಗಾರರ ದೃಷ್ಟಿ ಹರಿದಿರುವುದು ಸಹಜ. ನಾಲೆಯ ನೀರು ತಲುಪುವ ಗದ್ದೆಗಿಂತ ನೀರು ಹತ್ತದ ಗುಡ್ಡದ ಪಕ್ಕದ ಒಣಭೂಮಿ ಅಗ್ಗ. ಆದ್ದರಿಂದ ಇಳಿಜಾರಿನ ಜಮೀನುಗಳು ಮೊದಲು ಮಾರಾಟವಾಗುತ್ತವೆ. ಎತ್ತರದಿಂದ ಕಾಣುವ ಹಸಿರು ನೋಟವೂ ಜಾಹೀರಾತಿಗೆ ಒದಗುತ್ತದೆ.

ಹೆದ್ದಾರಿಯಿಂದ ನಾವು ಕಲಿಯಬೇಕಾದ ಪಾಠವೊಂದಿದೆ. 2023ರ ಆಗಸ್ಟ್ 1ರಿಂದ ಮುಖ್ಯ ಪಥಗಳಲ್ಲಿ ದ್ವಿಚಕ್ರ ವಾಹನ, ಆಟೋರಿಕ್ಷಾ, ಟ್ರ್ಯಾಕ್ಟರ್ ಮುಂತಾದ ನಿಧಾನಗತಿಯ ವಾಹನಗಳನ್ನು ನಿಷೇಧಿಸಲಾಯಿತು. ವೇಗದ ದೃಷ್ಟಿಯಿಂದ ಅದು ಅಗತ್ಯವಾದ ಕ್ರಮ. ಆದರೆ ಊರೂರಿನ ಸಂಚಾರವೆಲ್ಲ ಸೇವಾ ರಸ್ತೆ ಮತ್ತು ಹಳ್ಳಿ ರಸ್ತೆಗಳಿಗೆ ಇಳಿಯಿತು. ಹನಕೆರೆಯ ಗ್ರಾಮಸ್ಥರು ಕೆಳಸೇತುವೆಗಾಗಿ ಪ್ರತಿಭಟನೆ ನಡೆಸಿದ್ದು ತಮಗೆ ನೆನಪಿರಬಹುದು. ರಸ್ತೆ ಸಿದ್ಧವಾದ ಮೇಲೆ ದಾಟುವ ದಾರಿಯನ್ನು ಕೇಳುವುದು ಎಷ್ಟು ಕಷ್ಟ, ನಕ್ಷೆ ಸಿದ್ಧವಾಗುವಾಗಲೇ ಕೇಳುವುದು ಎಷ್ಟು ಸುಲಭ ಎಂಬುದನ್ನು ನಮ್ಮ ಜಿಲ್ಲೆ ಕಣ್ಣಾರೆ ಕಂಡಿದೆ. ಬಡಾವಣೆಯ ವಿಷಯದಲ್ಲೂ ಇದೇ ಮಾತು ಅನ್ವಯಿಸುತ್ತದೆ.

ನಕ್ಷೆಯ ಗೆರೆ ನಿಲ್ಲುವ ಜಾಗ

ಬಡಾವಣೆಯ ನಕ್ಷೆಯನ್ನು ತಾವು ಬಿಡಿಸಿ ನೋಡಿದರೆ ಒಳಗಿನ ರಸ್ತೆಗಳು 9 ಮೀಟರ್, 12 ಮೀಟರ್ ಎಂದು ಅಚ್ಚುಕಟ್ಟಾಗಿ ಬರೆದಿರುತ್ತವೆ. ಉದ್ಯಾನ, ನಾಗರಿಕ ಸೌಲಭ್ಯದ ಜಾಗ ಎಲ್ಲವೂ ಬಣ್ಣದಲ್ಲಿ ಇರುತ್ತವೆ. ಬಡಾವಣೆಯ ಮಹಾದ್ವಾರದ ಬಳಿ ಆ ಗೆರೆಗಳು ನಿಂತುಹೋಗುತ್ತವೆ. ಅಲ್ಲಿಂದ ಹೊರಗೆ ‘ಅಸ್ತಿತ್ವದಲ್ಲಿರುವ ರಸ್ತೆ’ ಎಂಬ ಎರಡು ಪದ ಮಾತ್ರ. ಆ ಎರಡು ಪದಗಳೇ ನಮ್ಮ ಊರು. ಅದರಲ್ಲಿ ಶಾಲೆ, ಹಾಲಿನ ಡೇರಿ, ಅರಳಿಕಟ್ಟೆ, ಬಸ್ ನಿಲ್ದಾಣ, ಆಲೆಮನೆ ಎಲ್ಲವೂ ಸೇರಿವೆ.

ಗ್ರಾಮೀಣ ರಸ್ತೆಗಳ ಡಾಂಬರು ಅಗಲ ಸಾಮಾನ್ಯವಾಗಿ 3.75 ಮೀಟರ್, ಸಂಚಾರ ಕಡಿಮೆ ಇರುವ ಕಡೆ 3 ಮೀಟರ್ ಮಾತ್ರ. ಎರಡು ಟ್ರ್ಯಾಕ್ಟರ್‌ಗಳು ಎದುರಾದರೆ ಒಂದು ಮಣ್ಣಿಗೆ ಇಳಿಯಲೇಬೇಕು. ಒಳಗೆ 12 ಮೀಟರ್, ಹೊರಗೆ 3.75 ಮೀಟರ್ ಎಂದರೆ ದೊಡ್ಡ ಕೊಳವೆಯನ್ನು ಸಣ್ಣ ನಲ್ಲಿಗೆ ಜೋಡಿಸಿದಂತೆ. ಆದ್ದರಿಂದ ನಿವಾಸಿಗಳ ಆತಂಕವನ್ನು ಪರಿಶೀಲಿಸುವಾಗ ಬಡಾವಣೆಯ ಒಳಗಿನ ರಸ್ತೆಯನ್ನಲ್ಲ, ಮಹಾದ್ವಾರದಿಂದ ಮುಖ್ಯ ರಸ್ತೆಯವರೆಗಿನ ಸಂಪರ್ಕ ರಸ್ತೆಯನ್ನು ಮೊದಲು ನೋಡಬೇಕು.

ಆತಂಕವನ್ನು ಅಂಕಿಗೆ ತರುವ ಬಗೆ

‘ಟ್ರಾಫಿಕ್ ಜಾಸ್ತಿಯಾಗುತ್ತೆ’ ಎಂಬ ಮಾತನ್ನು ಮೇಲಧಿಕಾರಿಗಳು ತಳ್ಳಿಹಾಕಬಹುದು. ಅದನ್ನೇ ಅಂಕಿಯಲ್ಲಿ ಬರೆದರೆ ಉತ್ತರಿಸಲೇಬೇಕಾಗುತ್ತದೆ. ಭಾರತೀಯ ರಸ್ತೆ ಕಾಂಗ್ರೆಸ್ ಗ್ರಾಮಾಂತರ ರಸ್ತೆಗಳ ಸಾಮರ್ಥ್ಯವನ್ನು ಲೆಕ್ಕ ಹಾಕಲು ಒಂದು ಸರಳ ಅಳತೆಯನ್ನು ನೀಡಿದೆ. ಎಲ್ಲ ವಾಹನಗಳನ್ನೂ ಕಾರಿನ ಲೆಕ್ಕಕ್ಕೆ ತರುವುದು ಅದರ ಕ್ರಮ. ಕಾರು ಅಥವಾ ಆಟೋ 1, ಬೈಕು ಅರ್ಧ, ಸಣ್ಣ ಸರಕು ವಾಹನ ಒಂದೂವರೆ, ಬಸ್ಸು ಅಥವಾ ಲಾರಿ 3, ಟ್ರೇಲರ್ ಸಹಿತ ಟ್ರ್ಯಾಕ್ಟರ್ ನಾಲ್ಕೂವರೆ, ಎತ್ತಿನ ಗಾಡಿ 8. ನಿಧಾನವಾಗಿ ಚಲಿಸುವ ಎತ್ತಿನ ಗಾಡಿ ಎಂಟು ಕಾರುಗಳಷ್ಟು ರಸ್ತೆಯನ್ನು ಬಳಸಿಕೊಳ್ಳುತ್ತದೆ ಎಂದು ಇದರ ಅರ್ಥ. ಒಂದೇ ಪಥದ ರಸ್ತೆಯು ಬಯಲು ಪ್ರದೇಶದಲ್ಲಿ ದಿನಕ್ಕೆ 2,000, ಏರಿಳಿತದ ಭೂಮಿಯಲ್ಲಿ 1,800, ಗುಡ್ಡಗಾಡಿನಲ್ಲಿ 1,600 ಕಾರುಗಳಷ್ಟು ಸಂಚಾರವನ್ನು ತಡೆದುಕೊಳ್ಳುತ್ತದೆ ಎಂಬುದು ಆ ಮಾರ್ಗಸೂಚಿಯ ಅಂದಾಜು. ಏರು ಹೆಚ್ಚಿದಂತೆ ರಸ್ತೆಯ ಸಾಮರ್ಥ್ಯ ಕುಗ್ಗುತ್ತದೆ ಎಂಬುದನ್ನು ದಯವಿಟ್ಟು ಗುರುತಿಸಿಕೊಳ್ಳಿ.

ಈಗ ಒಂದು ಕಲ್ಪಿತ ಊರನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ದಿನಕ್ಕೆ 300 ಬೈಕುಗಳು ಹೋಗಿ ಬರುತ್ತವೆ ಎಂದುಕೊಳ್ಳಿ: 600 ಓಡಾಟ, ಅರ್ಧದಂತೆ 300. ಬಸ್ಸು 10 ಬಾರಿ ಬಂದು ಹೋದರೆ 20 ಓಡಾಟ, ಮೂರರಂತೆ 60. ಎತ್ತಿನ ಗಾಡಿ 20, ಹೋಗಿ ಬಂದರೆ 40 ಓಡಾಟ, ಎಂಟರಂತೆ 320. ಇಲ್ಲಿಗೆ 680 ಆಯಿತು. ಕಬ್ಬು ಅರೆಯುವ ಹಂಗಾಮಿನಲ್ಲಿ 60 ಟ್ರ್ಯಾಕ್ಟರ್‌ಗಳು ಹೋಗಿ ಬಂದರೆ 120 ಓಡಾಟ, ನಾಲ್ಕೂವರೆಯಂತೆ 540. ಒಟ್ಟು 1,220.

ಈ ರಸ್ತೆಗೆ 300 ನಿವೇಶನಗಳ ಬಡಾವಣೆ ಬಂತೆನ್ನಿ. ಮನೆಗೆ ಎರಡು ಬೈಕು, ಎರಡು ಮನೆಗೊಂದು ಕಾರು, ಪ್ರತಿಯೊಂದೂ ದಿನಕ್ಕೆ ಒಂದು ಸಲ ಮಾತ್ರ ಹೋಗಿ ಬರುತ್ತದೆ ಎಂದು ಕನಿಷ್ಠ ಲೆಕ್ಕ ಹಿಡಿದರೂ ಬೈಕಿನಿಂದ 600, ಕಾರಿನಿಂದ 300. ಹಾಲು, ಅನಿಲ ಸಿಲಿಂಡರ್, ತರಕಾರಿ ತರುವ ಸಣ್ಣ ಸರಕು ವಾಹನಗಳು 20 ಎಂದರೆ ಮತ್ತೆ 60. ಒಟ್ಟು 960. ಹಳೆಯದು ಹೊಸದು ಸೇರಿ 2,180. ಬಯಲು ರಸ್ತೆಯ ಮಿತಿಯನ್ನೇ ದಾಟಿತು. ಗುಡ್ಡದ ರಸ್ತೆಯ ಮಿತಿಯನ್ನು ಎಂದೋ ದಾಟಿಯಾಯಿತು.

ಇದರಲ್ಲಿ ಅಡಗಿರುವ ಸೂಕ್ಷ್ಮವೊಂದನ್ನು ಗಮನಿಸಿ. ಕಬ್ಬಿನ ಹಂಗಾಮು ಇಲ್ಲದ ದಿನ ಎಣಿಸಿದ್ದರೆ 680 ಮತ್ತು 960 ಸೇರಿ 1,640 ಮಾತ್ರ ಬರುತ್ತಿತ್ತು. ಬಯಲು ರಸ್ತೆಯ ಮಿತಿಯಾದ 2,000ಕ್ಕೆ ಹೋಲಿಸಿ ‘ರಸ್ತೆಗೆ ಸಾಮರ್ಥ್ಯ ಸಾಕಷ್ಟಿದೆ’ ಎಂದು ವರದಿ ಬರೆಯಬಹುದಿತ್ತು. ಆ ವರದಿಯಲ್ಲಿ ಒಂದು ಅಂಕಿಯೂ ಸುಳ್ಳಾಗಿರುತ್ತಿರಲಿಲ್ಲ. ಎಣಿಕೆಯ ದಿನ ಮಾತ್ರ ತಪ್ಪಾಗಿರುತ್ತಿತ್ತು. ಮಂಡ್ಯದ ಮೈಷುಗರ್ 1933ರಿಂದ ಈ ನೆಲದ ಸಂಚಾರಕ್ಕೆ ತನ್ನದೇ ಪಂಚಾಂಗವನ್ನು ಕೊಟ್ಟಿದೆ. ಕೊಪ್ಪ, ಕೆ.ಎಂ. ದೊಡ್ಡಿಯ ಕಾರ್ಖಾನೆಗಳು, ನೂರಾರು ಆಲೆಮನೆಗಳು, ಮದ್ದೂರಿನ ಎಳನೀರು ಮಾರುಕಟ್ಟೆಗೆ ಹೋಗುವ ಗಾಡಿಗಳು ಎಲ್ಲವೂ ಅದರಲ್ಲಿ ಸೇರುತ್ತವೆ. ಯಾವುದೇ ಬಡಾವಣೆಗಾರರು ಸಂಚಾರ ವರದಿಯನ್ನು ತಂದರೆ ಎಣಿಕೆ ಯಾವ ತಿಂಗಳ ಯಾವ ವಾರ ನಡೆಯಿತು, ಅಂದು ಕಾರ್ಖಾನೆ ನಡೆಯುತ್ತಿತ್ತೇ, ಶಾಲೆಗೆ ರಜೆ ಇತ್ತೇ, ಸಂತೆಯ ದಿನವಾಗಿತ್ತೇ ಎಂದು ಮೊದಲು ಕೇಳಿರಿ.

ಎಣಿಕೆಗೆ ದೊಡ್ಡ ಯಂತ್ರ ಬೇಕಿಲ್ಲ. ಹಂಗಾಮಿನ ಒಂದು ವಾರ, ಬೆಳಿಗ್ಗೆ 6ರಿಂದ ರಾತ್ರಿ 8ರವರೆಗೆ, ಊರಿನ ಪದವೀಧರ ಯುವಕ ಯುವತಿಯರು ಸರದಿಯಂತೆ ಕುಳಿತು ಗೀಟು ಹಾಕಿದರೆ ಸಾಕು. ಹಾಳೆಯಲ್ಲಿ ದಿನಾಂಕ, ವೇಳೆ, ಎಣಿಸಿದವರ ಸಹಿ ಇರಲಿ.

ಏರು, ತಿರುವು ಮತ್ತು ನೀರು

ಬಯಲಿನ ರಸ್ತೆಗೆ ಅಗಲವೊಂದೇ ಪ್ರಶ್ನೆ. ಇಳಿಜಾರಿನ ರಸ್ತೆಗೆ ಇನ್ನೂ ಮೂರು ಪ್ರಶ್ನೆಗಳಿವೆ.

ಮೊದಲನೆಯದು ಏರು. ಬೆಟ್ಟದ ರಸ್ತೆಗೆ ಸಾಮಾನ್ಯವಾಗಿ 20 ಅಡಿ ಉದ್ದಕ್ಕೆ 1 ಅಡಿ ಏರು ಇರಬೇಕು. ಅನಿವಾರ್ಯವಾದ ಕಡೆ, ಅದೂ ಸ್ವಲ್ಪ ದೂರ ಮಾತ್ರ, ಶೇಕಡ 7ರವರೆಗೆ ಹೋಗಬಹುದು ಎಂಬುದು ಸ್ಥೂಲ ನಿಯಮ. ಇದನ್ನು ಅಳೆಯಲು ಗಾರೆ ಕೆಲಸದವರು ಮನೆ ಕಟ್ಟುವಾಗ ಬಳಸುವ ನೀರು ತುಂಬಿದ ಮಟ್ಟದ ಪೈಪು ಮತ್ತು ಟೇಪು ಸಾಕು. 30 ಅಡಿ ಉದ್ದಕ್ಕೆ ಒಂದೂವರೆ ಅಡಿ ಏರಿದರೆ ಸರಿ. ಎರಡು ಅಡಿಗಿಂತ ಹೆಚ್ಚು ಏರಿದರೆ, ತುಂಬಿದ ಟ್ರೇಲರ್ ಇಳಿಯುವಾಗ ಬ್ರೇಕನ್ನು ಮಾತ್ರ ನಂಬಿ ಇಳಿಯಬೇಕಾಗುತ್ತದೆ ಎಂದು ತಿಳಿಯಬೇಕು.

ಎರಡನೆಯದು ತಿರುವಿನ ನೋಟ. ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ಬರುವ ವಾಹನ ಅಡ್ಡ ಬಂದದ್ದನ್ನು ಕಂಡು ನಿಲ್ಲಲು ಸುಮಾರು 30 ಮೀಟರ್ ಬೇಕು. 40 ಕಿಲೋಮೀಟರ್ ವೇಗಕ್ಕೆ 45 ಮೀಟರ್. 50ಕ್ಕೆ 60 ಮೀಟರ್. ಇದು ಸಮತಟ್ಟಾದ ರಸ್ತೆಯ ಲೆಕ್ಕ. ಇಳಿಜಾರಿನಲ್ಲಿ ಇನ್ನೂ ಹೆಚ್ಚು ಬೇಕು. ತಿರುವಿನ ಈಚೆ ಒಬ್ಬರು ನಿಂತು ಆಚೆ ಒಬ್ಬರನ್ನು ನಡೆಸಿರಿ. ಅವರು ಎಷ್ಟು ಹೆಜ್ಜೆ ದೂರದಲ್ಲಿ ಕಣ್ಮರೆಯಾಗುತ್ತಾರೆ ಎಂದು ಎಣಿಸಿದರೆ ಆ ತಿರುವಿನ ಸುರಕ್ಷಿತ ವೇಗ ತಾನಾಗಿ ಗೊತ್ತಾಗುತ್ತದೆ. ಕೆಲವೊಮ್ಮೆ ಬೇಲಿಯನ್ನು ಒತ್ತಟ್ಟಿಗೆ ಸರಿಸಿದರೆ ಸಮಸ್ಯೆ ಬಗೆಹರಿಯುತ್ತದೆ. ಕೆಲವೊಮ್ಮೆ ದಾರಿಯನ್ನೇ ಬದಲಿಸಬೇಕಾಗುತ್ತದೆ.

ಮೂರನೆಯದು ನೀರು. ಗುಡ್ಡದ ಮಣ್ಣು ಹೀರಿಕೊಳ್ಳುತ್ತಿದ್ದ ಮಳೆಯನ್ನು ಚಾವಣಿ ಮತ್ತು ಕಾಂಕ್ರೀಟ್ ರಸ್ತೆಗಳು ಹೀರಿಕೊಳ್ಳುವುದಿಲ್ಲ. ಆ ನೀರು ಕೆಳಗಿನ ಊರಿನ ರಸ್ತೆಯನ್ನೇ ಕಾಲುವೆಯಾಗಿ ಮಾಡಿಕೊಂಡು ಇಳಿಯುತ್ತದೆ. ತಿರುವಿನಲ್ಲಿ ಮರಳು, ಗರಸು ಬಿಟ್ಟುಹೋಗುತ್ತದೆ. ಮರುದಿನ ಬೆಳಿಗ್ಗೆ ಬೈಕು ಜಾರುತ್ತದೆ. 2022ರ ಆಗಸ್ಟ್ ಕೊನೆಯಲ್ಲಿ ರಾಮನಗರದ ಬಳಿ ನಮ್ಮ ದೊಡ್ಡ ಹೆದ್ದಾರಿಯೇ ಮಳೆನೀರಿನಲ್ಲಿ ಮುಳುಗಿತು. ಅಷ್ಟು ವೆಚ್ಚದ ರಸ್ತೆಗೆ ಆದದ್ದು ನಮ್ಮ ಹಳ್ಳಿ ರಸ್ತೆಗೆ ಆಗದೆ ಇರುವುದಿಲ್ಲ.

ಗುಡ್ಡವನ್ನು ನೆಟ್ಟಗೆ ಕಡಿಯುವ ವಿಷಯದಲ್ಲೂ ಎಚ್ಚರ ಬೇಕು. 2018ರ ಆಗಸ್ಟ್‌ನಲ್ಲಿ ಕೊಡಗು, 2021ರ ಅಕ್ಟೋಬರ್‌ನಲ್ಲಿ ಚಾಮುಂಡಿ ಬೆಟ್ಟದ ನಂದಿ ಮಾರ್ಗ, 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರು ನಮಗೆ ತೋರಿಸಿದ್ದನ್ನು ಮರೆಯುವಂತಿಲ್ಲ. ನಮ್ಮ ಬೆಟ್ಟಗಳು ಮಲೆನಾಡಿನ ಬೆಟ್ಟಗಳಲ್ಲ, ನಮ್ಮ ಮಳೆಯೂ ಆ ಮಳೆಯಲ್ಲ. ಆದ್ದರಿಂದ ಊರೇ ಕುಸಿಯುತ್ತದೆ ಎಂದು ಯಾರನ್ನೂ ಹೆದರಿಸಬೇಕಾಗಿಲ್ಲ. ಆದರೆ ಅಡಿಯ ಮಣ್ಣನ್ನು ತೆಗೆದ ಮೇಲೆ ನಿಂತ ಬಂಡೆ ಎಲ್ಲಿಯೂ ನಿಂತೇ ಇರುತ್ತದೆ ಎಂಬ ಭರವಸೆ ಇಲ್ಲ. ಊರಿಗೆ ಇರುವುದು ಒಂದೇ ರಸ್ತೆ ಎಂದಾದರೆ, ಒಂದು ಬಂಡೆ ಉರುಳಿದರೂ ಆಂಬುಲೆನ್ಸ್ ನಿಂತುಹೋಗುತ್ತದೆ.

ಮನೆಗಿಂತ ಮೊದಲು ಬರುವ ವಾಹನಗಳು

ಬಡಾವಣೆ ತುಂಬಲು ಹತ್ತು ವರ್ಷ ಬೇಕಾಗಬಹುದು; ಆದ್ದರಿಂದ ಈಗಲೇ ಚಿಂತೆ ಏಕೆ ಎಂದು ಕೇಳುವವರಿದ್ದಾರೆ. ಟಿಪ್ಪರ್, ಜೆಸಿಬಿ, ಕೊಳವೆಬಾವಿ ಕೊರೆಯುವ ಲಾರಿ, ಸಿಮೆಂಟ್ ಲಾರಿಗಳು ಮೊದಲ ತಿಂಗಳಿನಿಂದಲೇ ಬರುತ್ತವೆ. ಹಗುರ ಸಂಚಾರಕ್ಕೆಂದು ಕಟ್ಟಿದ ರಸ್ತೆ ಮೊದಲ ಮಳೆಗಾಲದಲ್ಲೇ ಕಿತ್ತುಬರುತ್ತದೆ. ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯ ರಸ್ತೆಗೆ ಗುತ್ತಿಗೆದಾರರ ನಿರ್ವಹಣೆಯ ಹೊಣೆ 5 ವರ್ಷ. ಆ ಅವಧಿಯೊಳಗೆ ರಸ್ತೆ ಹಾಳಾದರೆ ಟಿಪ್ಪರ್‌ನಿಂದ ಹಾಳಾಯಿತೇ, ಕಾಮಗಾರಿ ಕಳಪೆಯೇ ಎಂಬ ವಾದ ಹುಟ್ಟಿ, ಕೊನೆಗೆ ಗುಂಡಿ ಮುಚ್ಚುವುದು ಪಂಚಾಯಿತಿಯ ಪಾಲಿಗೆ ಬೀಳುತ್ತದೆ. ಕೆಲಸ ಆರಂಭವಾಗುವ ಮುನ್ನ ರಸ್ತೆಯ ಸ್ಥಿತಿಯನ್ನು ದಿನಾಂಕ ಸಹಿತ ಛಾಯಾಚಿತ್ರಗಳಲ್ಲಿ ದಾಖಲಿಸಿ, ಬಡಾವಣೆಗಾರರ ಸಹಿಯನ್ನು ಪಡೆದಿಟ್ಟುಕೊಂಡರೆ ಈ ವಾದಕ್ಕೆ ಎಡೆಯಿರುವುದಿಲ್ಲ.

ರಸ್ತೆ ಯಾರದು

ಸಂಪರ್ಕ ರಸ್ತೆಯ ಒಡೆತನವನ್ನು ತಿಳಿಯದೆ ಯಾವ ನಿರ್ಣಯವನ್ನೂ ಬರೆಯಬಾರದು. ಗ್ರಾಮ ನಕಾಶೆಯಲ್ಲಿ ಬಂಡಿದಾರಿ ಎಂದು ಇರುವುದು ಸ್ಥಳದಲ್ಲಿ ಎಷ್ಟು ಅಗಲ ಉಳಿದಿದೆ ಎಂಬುದನ್ನು ಭೂಮಾಪಕರಿಂದ ಅಳತೆ ಮಾಡಿಸಿರಿ. ಕೆಲವು ರಸ್ತೆಗಳು ಪಂಚಾಯತ್ ರಾಜ್ ಇಂಜಿನಿಯರಿಂಗ್ ವಿಭಾಗದವು, ಕೆಲವು ಲೋಕೋಪಯೋಗಿ ಇಲಾಖೆಯವು.

ನಮ್ಮ ಜಿಲ್ಲೆಯಲ್ಲಿ ಇನ್ನೊಂದು ಬಗೆಯ ರಸ್ತೆ ಇದೆ; ಅದು ನಾಲೆಯ ಏರಿ. ನೀರಾವರಿಯ ನಿರ್ವಹಣೆಗಾಗಿ ಇರುವ ಏರಿಯನ್ನು ಬಡಾವಣೆಯ ಹೆಬ್ಬಾಗಿಲಿನ ದಾರಿಯಾಗಿ ತೋರಿಸಿದರೆ ತಕ್ಷಣ ಪ್ರಶ್ನಿಸಿರಿ. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿಯ ಬಳಿ ಖಾಸಗಿ ಬಸ್ಸೊಂದು ವಿಶ್ವೇಶ್ವರಯ್ಯ ನಾಲೆಗೆ ಉರುಳಿ 30 ಜನ ಮೃತಪಟ್ಟರು. ಅವರಲ್ಲಿ ಶಾಲೆಯಿಂದ ಮನೆಗೆ ಮರಳುತ್ತಿದ್ದ ಮಕ್ಕಳೂ ಇದ್ದರು. ನಾಲೆಯ ಪಕ್ಕದ ರಸ್ತೆಗೆ ತಡೆಗೋಡೆ ಬೇಕೆಂದು ಹೇಳುವುದು ಈ ಜಿಲ್ಲೆಯಲ್ಲಿ ಅತಿಯಾದ ಭಯವಲ್ಲ.

ಪಂಚಾಯಿತಿಯ ಅಧಿಕಾರ ಎಲ್ಲಿದೆ

ಬಡಾವಣೆಯ ನಕ್ಷೆಗೆ ಅನುಮೋದನೆ ನೀಡುವ ಅಧಿಕಾರ ಗ್ರಾಮ ಪಂಚಾಯಿತಿಗೆ ಇಲ್ಲ. ಅದು ನಗರಾಭಿವೃದ್ಧಿ ಪ್ರಾಧಿಕಾರ, ಯೋಜನಾ ಪ್ರಾಧಿಕಾರ ಅಥವಾ ನಗರ ಮತ್ತು ಗ್ರಾಮಾಂತರ ಯೋಜನಾ ಇಲಾಖೆಗೆ ಸೇರಿದ್ದು. ಕೃಷಿ ಭೂಮಿಯ ಪರಿವರ್ತನೆ 1964ರ ಭೂ ಕಂದಾಯ ಅಧಿನಿಯಮದ 95ನೇ ಪ್ರಕರಣದಂತೆ ಜಿಲ್ಲಾಧಿಕಾರಿಗಳದ್ದು. ಹಾಗೆಂದು ‘ನಮ್ಮ ಕೈಯಲ್ಲಿ ಏನೂ ಇಲ್ಲ’ ಎಂದು ಕೈಚೆಲ್ಲುವುದು ಸರಿಯಲ್ಲ. ಸಂವಿಧಾನದ 11ನೇ ಅನುಸೂಚಿಯ 29 ವಿಷಯಗಳಲ್ಲಿ 10ನೆಯದು ಗ್ರಾಮೀಣ ವಸತಿ, 13ನೆಯದು ರಸ್ತೆ ಮತ್ತು ಸೇತುವೆಗಳು. ಮನೆ ಮತ್ತು ರಸ್ತೆ ಒಂದೇ ಪಟ್ಟಿಯಲ್ಲಿವೆ. ಒಂದನ್ನು ನೋಡಿ ಇನ್ನೊಂದನ್ನು ಬಿಡಲಾಗದು.

ನಮ್ಮ ಮಾತಿಗೆ ತೂಕವಿರುವ ಹಂತಗಳು ಮೂರು. ಒಂದು, ನಕ್ಷೆ ಅನುಮೋದನೆಗೆ ಮುನ್ನ. ವಾರ್ಡ್ ಸಭೆ, ಗ್ರಾಮ ಸಭೆಯ ಅಭಿಪ್ರಾಯವನ್ನು ಅಳತೆಗಳ ಸಹಿತ ಸಂಬಂಧಪಟ್ಟ ಪ್ರಾಧಿಕಾರಕ್ಕೂ ತಹಶೀಲ್ದಾರರಿಗೂ ಕಳುಹಿಸಲು ಯಾರ ಅಪ್ಪಣೆಯೂ ಬೇಕಿಲ್ಲ. ಎರಡು, ಬಡಾವಣೆಯ ರಸ್ತೆ, ಉದ್ಯಾನಗಳನ್ನು ಪಂಚಾಯಿತಿಯ ವಶಕ್ಕೆ ಪಡೆಯುವಾಗ. ಚರಂಡಿ ಎಲ್ಲಿಗೆ ಸೇರುತ್ತದೆ, ಇಳಿಜಾರಿನ ತಡೆಗೋಡೆ ಆಗಿದೆಯೇ ಎಂದು ಸ್ಥಳದಲ್ಲಿ ನೋಡದೆ ವಶಕ್ಕೆ ಪಡೆದರೆ, ಅವರ ಬಾಕಿ ಕೆಲಸವೂ ನಮ್ಮ ವಶಕ್ಕೆ ಬರುತ್ತದೆ. ಮೂರು, ಇ-ಸ್ವತ್ತು ತಂತ್ರಾಂಶದಲ್ಲಿ ನಮೂನೆ-9 ಮತ್ತು 11 ನೀಡುವಾಗ ಹಾಗೂ 1993ರ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮದ 64ನೇ ಪ್ರಕರಣದಂತೆ ಕಟ್ಟಡ ಪರವಾನಗಿ ನೀಡುವಾಗ. ಈ ಮೂರರಲ್ಲಿ ಮೊದಲನೆಯದರಲ್ಲಿ ಮಾತ್ರ ರಸ್ತೆಯನ್ನು ಬದಲಿಸಲು ಸಾಧ್ಯ. ನಿವೇಶನ ಕೊಂಡವರು ಬಂದ ಮೇಲೆ ಅವರೂ ನಮ್ಮ ಮತದಾರರೇ. ಅವರ ನೀರು, ದಾರಿಯನ್ನು ತಡೆಯುವುದು ನ್ಯಾಯವೂ ಅಲ್ಲ.

ಆ ಒಂದು ಸಾಲನ್ನು ಬರೆಯುವ ಬಗೆ

‘ಗಮನಿಸಲಾಯಿತು’ ಎಂಬ ಪದಕ್ಕೆ ಬದಲಾಗಿ ನಡವಳಿಯಲ್ಲಿ ಹೀಗೆ ಬರೆಯಬಹುದೆಂದು ಸೂಚಿಸುತ್ತೇನೆ:

‘ಸದರಿ ಪ್ರಸ್ತಾವಿತ ಬಡಾವಣೆಗೆ ಸಂಪರ್ಕ ಕಲ್ಪಿಸುವ ರಸ್ತೆಯ ಅಗಲ, ಏರು, ತಿರುವಿನ ನೋಟದ ದೂರ ಮತ್ತು ಕಬ್ಬಿನ ಹಂಗಾಮಿನ ವಾಹನ ಎಣಿಕೆಯನ್ನು ಅನುಬಂಧದಲ್ಲಿ ಲಗತ್ತಿಸಲಾಗಿದೆ. ಇವುಗಳ ಆಧಾರದ ಮೇಲೆ ಸಭೆಯು ಕೆಳಕಂಡ ಷರತ್ತುಗಳನ್ನು ಅನುಮೋದನೆಯಲ್ಲಿ ಸೇರಿಸುವಂತೆ ಪ್ರಾಧಿಕಾರವನ್ನು ಕೋರಲು ನಿರ್ಣಯಿಸಿತು. 1) ನಿವೇಶನಗಳ ಮಾರಾಟಕ್ಕೆ ಮುನ್ನ ಸಂಪರ್ಕ ರಸ್ತೆಯನ್ನು ಅಗಲಗೊಳಿಸುವುದು ಅಥವಾ ಪರ್ಯಾಯ ರಸ್ತೆಯನ್ನು ಒದಗಿಸುವುದು. 2) ನಿರ್ಮಾಣ ವಾಹನಗಳು ಶಾಲೆ ಆರಂಭವಾಗುವ ಮತ್ತು ಬಿಡುವ ವೇಳೆಯಲ್ಲಿ ಊರೊಳಗೆ ಸಂಚರಿಸದಿರುವುದು. 3) ಬಡಾವಣೆಯ ಮಳೆನೀರು ಊರಿನ ರಸ್ತೆಗೆ ಹರಿಯದಂತೆ ಕೆರೆ ಅಥವಾ ಹಳ್ಳಕ್ಕೆ ಸೇರಿಸುವುದು. 4) ಇಳಿಜಾರನ್ನು ಕಡಿದ ಕಡೆ ತಡೆಗೋಡೆ ನಿರ್ಮಿಸುವುದು. 5) ನಿರ್ಮಾಣ ವಾಹನಗಳಿಂದ ರಸ್ತೆಗೆ ಆಗುವ ಹಾನಿಯನ್ನು ಬಡಾವಣೆಗಾರರೇ ಸರಿಪಡಿಸುವುದು.’

ಇದರಲ್ಲಿ ‘ವಿರೋಧ’ ಎಂಬ ಪದ ಎಲ್ಲಿಯೂ ಇಲ್ಲ. ವಿರೋಧವೆಂದು ಬರೆದರೆ ಉತ್ತರ ಕೊಡುವವರು ‘ಕೆಲವರ ಆಕ್ಷೇಪಣೆ’ ಎಂದು ಮುಗಿಸಬಹುದು. ಷರತ್ತೆಂದು ಬರೆದರೆ ಒಪ್ಪಿದೆವೋ ಇಲ್ಲವೋ, ಇಲ್ಲವಾದರೆ ಏಕೆ ಎಂದು ಹೇಳಬೇಕಾಗುತ್ತದೆ. 500 ಚದರ ಮೀಟರ್ ಮೀರಿದ ಬಡಾವಣೆಗಳು ಮಾರಾಟಕ್ಕೆ ಮುನ್ನ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರದಲ್ಲಿ ನೋಂದಣಿಯಾಗಬೇಕು ಎಂಬ 2016ರ ಕಾಯ್ದೆಯ ನಿಯಮವೂ ತಮಗೆ ತಿಳಿದಿರಲಿ.

ಎರಡೂ ಕಡೆಯ ನ್ಯಾಯ

ಜಮೀನು ಮಾರುವ ರೈತರನ್ನು ದೂಷಿಸುವುದು ನನ್ನ ಉದ್ದೇಶವಲ್ಲ. ಮಳೆಯನ್ನೇ ನಂಬಿದ ಒಣಭೂಮಿಯಲ್ಲಿ ಸಾಲ ತೀರಿಸಲಾಗದವರಿಗೆ, ಮಗಳ ಮದುವೆಯನ್ನೋ ಮಗನ ಓದನ್ನೋ ಎದುರಿಗಿಟ್ಟುಕೊಂಡವರಿಗೆ ‘ಮಾರಬೇಡ’ ಎಂದು ಹೇಳುವ ಹಕ್ಕು ಪಂಚಾಯಿತಿಗೆ ಇಲ್ಲ. ಸ್ವಂತ ಮನೆಯ ಕನಸು ಕಂಡು ಕಂತು ಕಟ್ಟುವ ಕುಟುಂಬವೂ ತಪ್ಪು ಮಾಡುತ್ತಿಲ್ಲ. ಪಂಚಾಯಿತಿಗೆ ತೆರಿಗೆಯೂ ಬರಬೇಕು. ಸರಿಯಾದ ರಸ್ತೆಯನ್ನು ಕೇಳಿದರೆ ಇವರೆಲ್ಲರಿಗೂ ಅನುಕೂಲವೇ. ನಾಳೆ ಆ ಬಡಾವಣೆಯ ಮಕ್ಕಳೂ ಅದೇ ತಿರುವನ್ನು ಇಳಿದು ಶಾಲೆಗೆ ಬರಬೇಕಾಗುತ್ತದೆ.

ಇನ್ನೊಂದು ಮಾತನ್ನು ಸಂಕೋಚದಿಂದಲೇ ಹೇಳುತ್ತೇನೆ. ಪ್ರಸ್ತಾವನೆಯ ಜಮೀನಿನಲ್ಲಿ ತಮಗಾಗಲೀ ತಮ್ಮ ಬಂಧುಗಳಿಗಾಗಲೀ ಪಾಲಿದ್ದರೆ ಅದನ್ನು ಸಭೆಯಲ್ಲಿ ಮೊದಲೇ ತಿಳಿಸಿ ಚರ್ಚೆಯಿಂದ ದೂರ ಉಳಿಯುವುದು ಧರ್ಮ. ಹಾಗೆ ಮಾಡಿದ ಸದಸ್ಯರ ಮೇಲೆ ಊರಿನ ಗೌರವ ಹೆಚ್ಚುತ್ತದೆ. ನಿರ್ಣಯಕ್ಕೂ ಬಲ ಬರುತ್ತದೆ.

ಮಾತನ್ನು ಮುಗಿಸುತ್ತೇನೆ. ಆ ಹಿರಿಯ ಹೆಣ್ಣುಮಗಳು ಕೇಳಿದ ಪ್ರಶ್ನೆಗೆ ಅಂದು ನನ್ನಲ್ಲಿ ಉತ್ತರವಿರಲಿಲ್ಲ. ಅವರ ಒಂದು ವಾಕ್ಯದಲ್ಲಿ ಹಂಗಾಮು, ಏರು, ತಿರುವು, ಪಾದಚಾರಿ ಎಲ್ಲವೂ ಇದ್ದವು. ನನ್ನ ಪದವಿಯ ಪಠ್ಯಪುಸ್ತಕ ಹೇಳುವುದೂ ಅಷ್ಟೇ. ತಮ್ಮ ಮುಂದಿನ ವಾರ್ಡ್ ಸಭೆಯಲ್ಲಿ ಯಾರಾದರೂ ಇಂಥ ಮಾತನ್ನು ಎತ್ತಿದರೆ, ದಯಮಾಡಿ ಸಭೆಯನ್ನು ಅರ್ಧ ಗಂಟೆ ಮುಂದೂಡಿ, ಒಂದು ಟೇಪು ಹಿಡಿದು ಅವರೊಂದಿಗೆ ಆ ತಿರುವಿಗೆ ನಡೆದುಹೋಗಿರಿ. ಅಳತೆಯೊಂದಿಗೆ ಹಿಂದಿರುಗಿದ ಮೇಲೆ ನಡವಳಿಯನ್ನು ಬರೆಯಿರಿ.